ಕೇಳದೆ ಹೊರಟ ಚಿಕ್ಕಪ್ಪ

ರೇಷ್ಮೆಗೂಡು ಬೇಯುವ ವಾಸನೆ ಬಂದರೆ ಈಗಲೂ ನನಗೆ ಶಿಡ್ಲಘಟ್ಟದ ಆ ಮಧ್ಯಾಹ್ನ ನೆನಪಾಗುತ್ತದೆ. ಹೊಡೆದಾಟದ ಕೇಸಿನಲ್ಲಿ ನಾಲ್ಕು ವರ್ಷ ಜೈಲಿನಲ್ಲಿದ್ದ ಚಿಕ್ಕಪ್ಪ ಮನೆಗೆ ಬಂದು ತಿಂಗಳಾಗಿತ್ತು. ಬಾಗಿಲು ತೆರೆದಿದ್ದರೂ ಯಾರಾದರೂ ಹೇಳದೆ ಹೊಸಿಲು ದಾಟುತ್ತಿರಲಿಲ್ಲ. ಎಂಟು ವರ್ಷದ ನನ್ನನ್ನೂ, “ಆಚೆ ಹೋಗ್ಲೇನಮ್ಮಾ?” ಎಂದು ಕೇಳುತ್ತಿದ್ದರು. ಅದನ್ನು ಕೇಳಿ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಂದು ನಮ್ಮ ಬೀದಿಯಲ್ಲಿ ಗೂಡಿನ ಗಾಡಿ ಮಗುಚಿತು. ಗಾಡಿಯವನು ಕೂಗಿಕೊಂಡ. ಚಿಕ್ಕಪ್ಪ ಊಟದ ತಟ್ಟೆ ಬಿಟ್ಟೆದ್ದು, ಯಾರನ್ನೂ ಕೇಳದೆ ಓಡಿದರು. ಚರಂಡಿಗೆ ಉರುಳುತ್ತಿದ್ದ ಹಳದಿ ಗೂಡುಗಳನ್ನು ಪಂಚೆಯಲ್ಲಿ ತುಂಬಿಕೊಳ್ಳುತ್ತಾ, ಗಾಡಿಯವನ ಜೊತೆ ಜೋರಾಗಿ ನಗುತ್ತಿದ್ದರು.

ಗಾಡಿಯ ಜೊತೆಗೇ ಹೋದವರು ಸಂಜೆಯಾದರೂ ಬರಲಿಲ್ಲ. ಹುಡುಕಲು ಚಪ್ಪಲಿ ಮೆಟ್ಟಿದ ಅಪ್ಪನನ್ನು ಅಜ್ಜಿ ತಡೆದಳು.

“ಸುತ್ತಾಡ್ಲಿ ಬಿಡಪ್ಪ. ಅವನಿಗೆ ಬೇಕಾದಾಗ ಬರ್ತಾನೆ.”