ಲಿಂಕಿನ ಬಾಲ

ಸಾಮ್ರಾಜ್ಯಗಳಿಗೆ ಹೆಸರಿಡುವಾಗಲೂ ಇಷ್ಟು ಯೋಚನೆ ನಡೆದಿರಲಾರದು. ಕ್ಷೌರದಂಗಡಿಯ ಲಿಂಕಿಗೆ ಯಾವ ಬಾಲ ಹಚ್ಚಬೇಕೆಂಬ ಪ್ರಶ್ನೆ ವಾರವಾದರೂ ಇತ್ಯರ್ಥವಾಗಿರಲಿಲ್ಲ.

ಗಿರಾಕಿಗಳು ಈಗ ಮೊಬೈಲಿನಲ್ಲೇ ಅಂಗಡಿಯ ಲಿಂಕು ತೆರೆದು ಸರದಿ ಕಾದಿರಿಸಿ ಬರುವವರು. ರಸ್ತೆಯಾಚೆ ಹೊಸ ಸಲೂನು ತೆರೆದ ಭಾವಮೈದ, ಕ್ಷೌರಿಕನ ಕೈಕೆಳಗೇ ಕತ್ತರಿ ಹಿಡಿಯಲು ಕಲಿತವನು, ತನ್ನ ಲಿಂಕಿನ ಕೊನೆಗೆ 'ಬೇಗ' ಎಂದಷ್ಟೇ ಇಟ್ಟು ಅರ್ಧ ಬೀದಿಯನ್ನು ಎಳೆದುಕೊಂಡಿದ್ದ. ಕ್ಷೌರಿಕನ ಲಿಂಕಿಗೆ ಕಂಪ್ಯೂಟರು ತಾನಾಗಿ ಕೊಟ್ಟ ಬಾಲವೋ ಅಕ್ಷರ, ಅಂಕಿಗಳ ಕಲಸುಮೇಲೋಗರ; ಒಬ್ಬರಿಗೆ ಓದಿ ಹೇಳುವಷ್ಟರಲ್ಲಿ ಅವರ ಕೂದಲು ಮತ್ತೆ ಬೆಳೆದಿರುತ್ತಿತ್ತು. ಅದನ್ನು ಬದಲಿಸಿ, ಗಾಜಿನ ಬಾಗಿಲ ಮೇಲೆ ಬರೆಸುವುದೆಂದು ಗಂಡ ಹೆಂಡತಿ ತೀರ್ಮಾನಿಸಿದರು. ಒಮ್ಮತ ಅಲ್ಲಿಗೇ ಮುಗಿಯಿತು.

"ಕೇಶ-ಕಲಾ-ಚಕ್ರವರ್ತಿ" ಎಂದ ಕ್ಷೌರಿಕ.

"ನಾಯಿ-ಅಂಗಡಿ" ಎಂದಳು ಹೆಂಡತಿ.

ನಾಯಿ ಅವರದಲ್ಲ. ಯಾರದೂ ಅಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಅಡ್ಡಡ್ಡ ಮಲಗಿರುತ್ತಿತ್ತು. ಬಂದವರು ಅದನ್ನು ದಾಟಿಕೊಂಡೇ ಒಳಗೆ ಬರಬೇಕು. ಕ್ಷೌರಿಕ ದಿನಾ ಪೊರಕೆ ಹಿಡಿದು ಅಟ್ಟುತ್ತಿದ್ದ. ಪೊರಕೆ ಮೂಲೆ ಸೇರುವ ಮೊದಲೇ ಅದು ತನ್ನ ಜಾಗ ಸೇರುತ್ತಿತ್ತು.

"ಇಷ್ಟು ವರ್ಷ ಕತ್ತರಿ ಆಡಿಸಿದ್ದು ನಾನು. ಹೆಸರು ನಾಯಿಗಾ?"

"ಜನಕ್ಕೆ ಯಾವ್ದು ನೆನಪಿರುತ್ತೋ ಅದೇ ಹೆಸರು ರೀ. ಬೇಕಾದ್ರೆ ಅವರನ್ನೇ ಕೇಳಿ."

ಕೇಳಿದ. ಕುರ್ಚಿಯಲ್ಲಿ ಕೂತವರ ಕೊರಳಿಗೆ ನೊರೆ ಹಚ್ಚಿ, ಕ್ಷೌರದ ಕತ್ತಿಯನ್ನು ಗಂಟಲ ಗುಳಿಯ ಹತ್ತಿರ ತಂದು, ಎರಡರಲ್ಲಿ ಯಾವುದು ಚೆನ್ನ ಎಂದು ವಿಚಾರಿಸಿದ. ಅಂಚೆಯವನು, ಬೇಕರಿಯವನು, ನಿವೃತ್ತ ನ್ಯಾಯಾಧೀಶರು, ಎಲ್ಲರೂ ತಲೆಯಾಡಿಸದೆ, ತುಟಿಯನ್ನಷ್ಟೇ ಅಲುಗಿಸಿ, ಚಕ್ರವರ್ತಿಗೇ ಮತ ಹಾಕಿದರು. ನ್ಯಾಯಾಧೀಶರು ಕಾರಣ ಕೊಡುವ ಗೋಜಿಗೂ ಹೋಗಲಿಲ್ಲ.

"ನೋಡಿದ್ಯಾ, ಒಬ್ಬನಾದ್ರೂ ನಾಯಿ ಅಂದ್ನಾ?"

"ಕತ್ತಿ ಕೆಳಗಿಟ್ಟು ಕೇಳಿ" ಎಂದು ಹೆಂಡತಿ ಟವೆಲು ಒದರಿದಳು.

ಅವನು ಕತ್ತಿ ಕೆಳಗಿಡಲಿಲ್ಲ. ಅಕ್ಷರ ಬರೆಯುವ ಪೇಂಟರಿಗೆ ಹೇಳಿ ಕಳಿಸಿದ. ಮರುದಿನ ಬೆಳಗ್ಗೆ ಪೇಂಟರನ ಫೋನು ಬಂತು. ಬೀದಿ ಸಿಕ್ಕಿದೆ, ಅಂಗಡಿ ಸಿಗುತ್ತಿಲ್ಲ. ಕ್ಷೌರಿಕ ತಿರುವು ಹೇಳಿದ, ದೀಪದ ಕಂಬ ಹೇಳಿದ, ಬಾಗಿಲ ಚೌಕಟ್ಟಿನ ಹಸಿರು ಬಣ್ಣ ಹೇಳಿದ. ತನ್ನ ಹೆಸರನ್ನೂ ಹೇಳಿದ. ಅತ್ತಲಿಂದ ಬರೀ "ಯಾವ್ದು? ಯಾವ್ದು?" ಕೊನೆಗೆ ರೇಗಿಹೋಯಿತು.

"ಅಯ್ಯಾ, ಮೆಟ್ಟಿಲ ಮೇಲೊಂದು ನಾಯಿ ಬಿದ್ಕೊಂಡಿರುತ್ತೆ ನೋಡು, ಅದೇ ಅಂಗಡಿ."

"ಓ, ಅದಾ. ಮೊದ್ಲೇ ಹೇಳ್ಬಾರದಾ ಸ್ವಾಮಿ."

ಫೋನು ಕೆಳಗಿಟ್ಟು ತಿರುಗಿದರೆ ಹೆಂಡತಿ ಟವೆಲು ಮಡಚುತ್ತಿದ್ದಳು. ಮಡಚಿದ್ದನ್ನೇ ಇನ್ನೊಮ್ಮೆ ಮಡಚಿದಳು. ಕ್ಷೌರಿಕ ಸ್ವಲ್ಪ ಹೊತ್ತು ಕನ್ನಡಿಯಲ್ಲಿ ಚಕ್ರವರ್ತಿಯನ್ನು ನೋಡಿಕೊಂಡ.

"ಅಕ್ಷರನಾದ್ರೂ ದೊಡ್ಡದಾಗಿ ಬರೆಸು" ಎಂದ.

ಮಧ್ಯಾಹ್ನದ ಹೊತ್ತಿಗೆ ಲಿಂಕು, ಅದರ ಬಾಲಕ್ಕೆ 'ನಾಯಿ-ಅಂಗಡಿ', ಗಾಜಿನ ತುಂಬ ಕೆಂಪಗೆ ಮೂಡಿತ್ತು. ರಸ್ತೆಯಾಚೆಗೂ ಓದಿಸಿಕೊಳ್ಳುವಂತಿತ್ತು. ಭಾವಮೈದ ಹೊರಗೆ ಬಂದು ಓದಿ, ಮುಖ ಚಿಕ್ಕದು ಮಾಡಿಕೊಂಡು ಒಳಗೆ ಹೋದ.

ಹಸಿ ಬಣ್ಣದ ವಾಸನೆಗೆ ನಾಯಿ ಒಂದೆರಡು ಸಲ ಸೀನಿತು. ಎದ್ದು, ಮೈ ಕೊಡವಿ, ರಸ್ತೆ ದಾಟಿತು.

ಈಗ ಅದು ಭಾವಮೈದನ ಮೆಟ್ಟಿಲ ಮೇಲೆ ಮಲಗುತ್ತದೆ.