ಕೆಂಪೇರದ ಅಂಗೈ

ಅಂಗೈ ಮತ್ತೆ ಬೆಳ್ಳಗೇ ಉಳಿಯಿತು. ಕಿರಿಯ ಸರ್ಜನ್ ಹಲ್ಲು ಕಚ್ಚಿದಳು.

"ಇನ್ನೊಂದು ಸಲ ನೋಡು," ಹಿರಿಯ ಸರ್ಜನ್ ಬಾಯಿ ಪೂರ್ತಿ ತೆರೆಯದೆ ಗೊಣಗಿದರು. "ಯಾವಾಗ್ಲೂ ನಿನಗೆ ಅವಸರ."

ಇನ್ನೆಷ್ಟು ಸಲ? ಮಣಿಕಟ್ಟಿನ ಎರಡೂ ರಕ್ತನಾಳಗಳನ್ನು ಒತ್ತಿ ಹಿಡಿಯಬೇಕು, ಮುಷ್ಟಿ ಬಿಚ್ಚಿಸಬೇಕು, ಕಿರುಬೆರಳಿನ ಕಡೆಯ ನಾಳವನ್ನಷ್ಟೇ ಬಿಡಬೇಕು. ಅದೊಂದರಿಂದಲೇ ಅಂಗೈ ಕೆಂಪೇರಿದರೆ ಹೆಬ್ಬೆರಳಿನ ಕಡೆಯದನ್ನು ಚರ್ಮದ ಸಮೇತ ತೆಗೆಯಬಹುದು. ನಾಲಿಗೆಯ ಕ್ಯಾನ್ಸರ್ ಹಿಡಿದ ಭಾಗವನ್ನು ಕತ್ತರಿಸಿದ ಮೇಲೆ ಆ ಜಾಗಕ್ಕೆ ಹೊಲಿಯಬಹುದು. ಕೆಂಪೇರದಿದ್ದರೆ ಕೈ ಮುಟ್ಟುವಂತಿಲ್ಲ. ತೊಡೆಯ ದಪ್ಪ ಚರ್ಮವೇ ಗತಿ. ಆಮೇಲೆ ಮಾತು ಜನರಿಗೆ ಅರ್ಥವಾದರೆ ಪುಣ್ಯ.

ರೋಗಿಯ ಹೆಂಡತಿ ಬೆಳಿಗ್ಗೆಯೇ ಅವಳ ಕೈ ಹಿಡಿದುಕೊಂಡಿದ್ದರು. "ಕೆಲಸ ಹೋದ್ರೆ ಹೋಗ್ಲಿ ಕಣಮ್ಮ, ಅವರ ಮಾತು ಉಳಿಸಿಕೊಡು." ಪರೀಕ್ಷೆ ಸರಿಬಂದರೆ ಕೈಯಿಂದಲೇ ತೆಗೆಯಲಿ ಎಂದು ಗಂಡನನ್ನು ಹಟ ಹಿಡಿದು ಒಪ್ಪಿಸಿದ್ದರು. ಗಂಡನ ಹೊಟ್ಟೆಪಾಡೆಲ್ಲ ಆ ಎಡಗೈಯದು. ಕೂದಲೆಳೆಯಷ್ಟು ತಪ್ಪಿದರೂ ಕೆಲಸ ಕೆಟ್ಟಂತೆ. ಬಲಗೈಯ ನಾಳ ಹಳೆಯ ಅಪಘಾತದಲ್ಲೇ ಹೋಗಿತ್ತು. ಚರ್ಮ ತೆಗೆದ ಮೇಲೂ ಕೈ ಮೊದಲಿನಂತೆ ಆಡುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಅವಳು ಡಾಪ್ಲರ್ ಕಡ್ಡಿಯನ್ನು ಮಣಿಕಟ್ಟಿಗೆ ಒತ್ತಿದಳು. ಸುಯ್ ಸುಯ್ ಎಂದು ರಕ್ತ ಹರಿಯುವ ಸದ್ದು ಕೋಣೆ ತುಂಬಿತು.

"ನಾಳ ಗಟ್ಟಿಮುಟ್ಟಾಗಿದೆ ಸರ್!"

"ಸದ್ದು ನಂಬಿ ಚಾಕು ಹಿಡೀತೀಯಾ? ಅಂಗೈ ಬಿಳಿ ಇರೋದು ಕಾಣಲ್ವಾ? ತೊಡೆಯಿಂದ ತೆಗಿ, ಮುಗೀತು."

ಅವಳಿಗೆ ರೇಗಿಹೋಯಿತು. ಯಂತ್ರ ಸರಿ ಎನ್ನುತ್ತದೆ, ಅಂಗೈ ಇಲ್ಲ ಎನ್ನುತ್ತದೆ. ಇಷ್ಟು ವರ್ಷ ಇವರ ಕೈಕೆಳಗೆ ಪಳಗಿ, ಎಳೆಯ ವಿದ್ಯಾರ್ಥಿಗಳೂ ಮಾಡುವ ಪರೀಕ್ಷೆಯಲ್ಲಿ ಮುಗ್ಗರಿಸುವುದೇ? ಹೊರಗೆ ಕಾದಿರುವ ಆ ಹೆಂಗಸಿಗೆ ಯಾವ ಮುಖ ತೋರಿಸುವುದು?

ಮತ್ತೆ ಮಣಿಕಟ್ಟು ಹಿಡಿದಳು. ಒತ್ತಿದಳು, ಬಿಟ್ಟಳು. ಈ ಸಲ ಅಂಗೈ ನೋಡಲಿಲ್ಲ, ಬೆರಳು ನೋಡಿದಳು. ಹಿಂದಕ್ಕೆ ಬಾಗುವಷ್ಟು ಬಿಗಿಯಾಗಿ ಚಾಚಿಕೊಂಡಿದ್ದವು. ಅವಳ ಸಿಟ್ಟು ಜರ್ರನೆ ಇಳಿದು ಕಣ್ಣು ತುಂಬಿತು.

"ಬೆರಳು ಹೀಗೆ ಸೆಟೆಸಿದ್ರೆ ರಕ್ತ ಬಂದ್ರೂ ಅಂಗೈ ಬೆಳ್ಳಗೇ ಕಾಣುತ್ತೆ ಅಂತ ನಮಗೆ ಪಾಠ ಮಾಡಿದ್ದು ನೀವೇ," ಎಂದಳು. "ಕೈ ಸಡಿಲ ಬಿಡಿ ಸರ್, ಮೇಡಂ ಹೊರಗೆ ಕಾಯ್ತಿದ್ದಾರೆ."