ರೆಪ್ಪೆಯ ಹೊಲಿಗೆ

“ಹೆದರಬೇಡ, ಕುರುಡಲ್ಲ. ರೆಪ್ಪೆ ಹೊಲಿದಿದೆ ಅಷ್ಟೆ. ರಾತ್ರಿ ಹೊತ್ತು ಹಾಡೋ ಹಕ್ಕಿ ಇದು, ಈಗ ರಾತ್ರಿ ಅಂದ್ಕೊಂಡು ಹಗಲೆಲ್ಲ ಹಾಡುತ್ತೆ,” ಎನ್ನುತ್ತ ಇಂಗ್ಲಿಷ್ ಮೇಷ್ಟ್ರು ಪಂಜರವನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟರು. ಮುಂದಿನ ವಾರ ತಮ್ಮ ಕೈ ಹಿಡಿಯಲಿದ್ದ ದರ್ಜಿ ಹುಡುಗಿಗೆ ಅವರು ತಂದ ಉಡುಗೊರೆ ಅದು. ಅವರ ಮದುವೆಯ ಕೋಟು ಅವಳ ತೊಡೆಯ ಮೇಲಿತ್ತು. ಗುಂಡಿ ಮಾತ್ರ ಬಾಕಿ.

ಅವಳು ಬಗ್ಗಿ ನೋಡಿದಳು. ಒಂದೊಂದು ಕಣ್ಣಿಗೂ ಕಪ್ಪು ನೂಲಿನ ಮೂರು ಹೊಲಿಗೆ. ಕೀವು ಒಣಗಿ ನೂಲಿಗೆ ಅಂಟಿತ್ತು. ಹಕ್ಕಿ ಗಂಟಲುಬ್ಬಿಸಿ ಹಾಡುತ್ತಲೇ ಇತ್ತು. ಅವಳು ಕೋಟನ್ನು ಪಕ್ಕಕ್ಕಿಟ್ಟಳು.

“ಯಾರು ಹೊಲಿದಿದ್ದು?”

“ಮಾರುವವನು. ನಾನೇ ಹೇಳಿ ಹೊಲಿಸ್ದೆ. ಇಂಗ್ಲಿಷಿನ ಹಳೇ ಪ್ರೇಮಕವಿತೆಗಳಲ್ಲಿ ಹಕ್ಕಿ ಎದೆಗೆ ಮುಳ್ಳು ಒತ್ಕೊಂಡು ಹಾಡುತ್ತೆ ಕಣೇ. ನೋವಿಲ್ದೆ ಪ್ರೀತಿ ಎಲ್ಲಿ?”

ಪಕ್ಕದಲ್ಲಿ ಲಂಗದ ಅಂಚು ಹೊಲಿಯುತ್ತಿದ್ದ ಚಿಕ್ಕಮ್ಮ ತಲೆ ಎತ್ತದೆ, “ಆ ಮುಳ್ಳು ನೀವೇ ಒತ್ಕೊಂಡು ಹಾಡ್ಬೇಕಿತ್ತು ಮೇಷ್ಟ್ರೇ, ನಾವೂ ಕೇಳ್ತಿದ್ವಿ,” ಎಂದಳು.

ಮೇಷ್ಟ್ರು ನಕ್ಕರು. “ನಿಮಗಿದೆಲ್ಲ ಅರ್ಥ ಆಗಲ್ಲ ಬಿಡಿ. ಮದುವೆ ಆದ್ಮೇಲೆ ಇವಳಿಗೆ ಕಲಿಸ್ತೀನಿ.”

ಅವಳು ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಸಣ್ಣ ಕತ್ತರಿಯಿಂದ ಒಂದೊಂದೇ ನೂಲು ಬಿಡಿಸಿದಳು. ಕಣ್ಣು ತೆರೆದದ್ದೇ ತಡ, ಹಾಡು ನಿಂತಿತು. ಆಮೇಲೆ ಅದೇ ಕತ್ತರಿಯಿಂದ ಕೋಟಿನ ತೋಳು ಬಿಚ್ಚತೊಡಗಿದಳು.